ರೆಕ್ಕೆ ಮೊದಲೋ, ಎಂಜಿನ್ ಮೊದಲೋ



ಆಸ್ಟ್ರಿಯಾ ದೇಶದಲ್ಲಿ ತಯಾರಾಗುತ್ತಿದ್ದ ರೋಟ್ಯಾಕ್ಸ್ 582 ಎಂಬ ಪುಟ್ಟ ಎಂಜಿನ್ ಒಂದಿದೆ. ಎರಡೇ ಸಿಲಿಂಡರು, ನಮ್ಮ ಹಳೆಯ ಸ್ಕೂಟರುಗಳಲ್ಲಿ ಇರುತ್ತಿದ್ದಂಥ ಟೂ-ಸ್ಟ್ರೋಕ್ ಜಾತಿ, ಸುಮಾರು 65 ಅಶ್ವಶಕ್ತಿ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಕಂಪನಿ ಎಕ್ಸ್-ಏರ್ ಎನ್ನುವ ಎರಡು ಸೀಟಿನ ಹಗುರ ವಿಮಾನವನ್ನು ಬಿಡಿಭಾಗಗಳ ಕಿಟ್ ಮಾಡಿ ಹೊರದೇಶಗಳಿಗೆ ಕಳಿಸುತ್ತಿತ್ತು. ಬ್ರಿಟನ್ನಿನ ಜನ ಅದನ್ನು ತಮ್ಮ ಮನೆಯ ಶೆಡ್ಡುಗಳಲ್ಲಿ ಜೋಡಿಸಿಕೊಂಡು ಹಾರಿಸಿದರು. ಈ 582 ಎಂಜಿನ್ ಹಾಕಿದ ಎಕ್ಸ್-ಏರ್ ಆರಾಮವಾಗಿ ಹಾರುವುದು ಗಂಟೆಗೆ 100 ಕಿಲೋಮೀಟರಿನ ಆಸುಪಾಸಿನಲ್ಲಿ.

ಇದೇ ಎಂಜಿನ್ನನ್ನು ಕ್ಯಾಲಿಫೋರ್ನಿಯಾದ ಮೈಕ್ ಅರ್ನಾಲ್ಡ್ ಎಂಬಾತ ತಾನೇ ಯೋಚಿಸಿ ತಾನೇ ಕಟ್ಟಿದ ಎಆರ್-5 ಎಂಬ ಒಂಟಿ ಸೀಟಿನ ವಿಮಾನಕ್ಕೆ ಹಾಕಿಕೊಂಡ. 1992ರಲ್ಲಿ ಆ ವಿಮಾನ ಗಂಟೆಗೆ 343 ಕಿಲೋಮೀಟರ್ ವೇಗದಲ್ಲಿ ಹಾರಿ, 300 ಕಿಲೋಗಿಂತ ಹಗುರವಾದ ವಿಮಾನಗಳ ವರ್ಗದಲ್ಲಿ ವಿಶ್ವದಾಖಲೆ ಮಾಡಿತು. ಅದರ ಚಕ್ರಗಳು ಒಳಕ್ಕೆ ಮಡಚಿಕೊಳ್ಳುವಂಥವೂ ಅಲ್ಲ, ಕೆಳಗೆ ನೇತಾಡಿಕೊಂಡೇ ಇರುವಂಥವು.

ಎಂಜಿನ್ ಅದೇ, ವೇಗ ಮಾತ್ರ ಮೂರು ಪಟ್ಟಿಗೂ ಹೆಚ್ಚು. ವಿಮಾನದ ಮಾತು ಬಂದರೆ ನಮ್ಮ ಹುಡುಗರು ಮೊದಲು ಕೇಳುವುದು 'ಎಷ್ಟು ಹಾರ್ಸ್‌ಪವರ್?' ಎಂದು. ಮೋಟರ್‌ಬೈಕಿನ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ. ಸ್ವಂತಕ್ಕೆ ವಿಮಾನ ಕಟ್ಟುವವನಿಗೆ ಅದು ಎರಡನೆಯ ಪ್ರಶ್ನೆ ಆಗಬೇಕು ಎಂಬುದು ನನ್ನ ವಾದ. ಮೊದಲನೆಯದು, 'ಇದು ಎಷ್ಟು ನಿಧಾನವಾಗಿ ಹಾರಬಲ್ಲದು?'

ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ತಮಾಷೆಯಲ್ಲ, ಹುಚ್ಚೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಎಂಬವರು 1953ರಲ್ಲಿ ಇಂಥ ಆಸಕ್ತರನ್ನು ಸೇರಿಸಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದರು. ಆ ಸಂಘ ಆಷ್‌ಕಾಷ್ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ನಡೆಸುವ ಜಾತ್ರೆಗೆ ಸಾವಿರಾರು ವಿಮಾನಗಳು ಬಂದಿಳಿಯುತ್ತವೆ. ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹವ್ಯಾಸಿಗಳು ಕಲಿಕೆಗಾಗಿ, ಸಂತೋಷಕ್ಕಾಗಿ ತಾವೇ ಮಾಡಿರಬೇಕು ಎನ್ನುವುದು ಅಲ್ಲಿನ ಸರಕಾರದ ನಿಯಮ. ಕೆಲವರು ಬರೀ ನಕ್ಷೆ ತರಿಸಿಕೊಂಡು ಮರ, ಬಟ್ಟೆ, ಕೊಳವೆ ಎಲ್ಲವನ್ನೂ ತಾವೇ ಕೂಡಿಸುತ್ತಾರೆ. ಹೆಚ್ಚಿನವರು ಕಿಟ್ ಕೊಳ್ಳುತ್ತಾರೆ. ನಮ್ಮಲ್ಲಿ ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಸುದ್ದಿಯನ್ನು ನೀವು ಕೇಳಿರಬಹುದು. ವರ್ಷಗಟ್ಟಲೆ ಓಡಾಡಿದ ಮೇಲೆ 2019ರಲ್ಲಿ ಅವರಿಗೆ ಹಾರಾಟ ಪರೀಕ್ಷೆಯ ಅನುಮತಿ ಸಿಕ್ಕಿತು.

ಸರಿ, ರೆಕ್ಕೆಗೆ ಬರೋಣ. ರೇಡಿಯೊದಲ್ಲಿ ಚಿತ್ರ ಬರೆದು ತೋರಿಸುವ ಹಾಗಿಲ್ಲ, ಆದ್ದರಿಂದ ಕಣ್ಣು ಮುಚ್ಚಿ ಸ್ವಲ್ಪ ಊಹಿಸಿಕೊಳ್ಳಿ.

ಪೈಲಟ್ ಮತ್ತು ಪೆಟ್ರೋಲು ಸೇರಿ 600 ಕಿಲೋ ತೂಗುವ ಎರಡು ಸೀಟಿನ ವಿಮಾನ ಒಂದಿದೆ ಎನ್ನಿ. ರೆಕ್ಕೆಯ ವಿಸ್ತೀರ್ಣ 12 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರಿನ ಮೇಲೆ 50 ಕಿಲೋ ಹೊರೆ. ವಿಮಾನ ನಿಧಾನವಾದಷ್ಟೂ ರೆಕ್ಕೆ ತನ್ನ ಮುಂದಂಚನ್ನು ಮೇಲೆತ್ತಿ, ಗಾಳಿಯನ್ನು ಹೆಚ್ಚು ಓರೆಯಾಗಿ ಎದುರಿಸಿ, ಅದೇ 600 ಕಿಲೋವನ್ನು ಹೊರಬೇಕಾಗುತ್ತದೆ. ಈ ಓರೆ ಹದಿನೈದು ಡಿಗ್ರಿಯ ಆಸುಪಾಸು ತಲುಪಿತೆಂದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಚದುರುತ್ತದೆ. ಹೊರುವ ಬಲ ಥಟ್ಟನೆ ಕುಸಿಯುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಭೋರೆನ್ನುತ್ತಿದ್ದಾಗಲೂ ರೆಕ್ಕೆ ಸ್ಟಾಲ್ ಆಗಬಹುದು. ನಮ್ಮ ಉದಾಹರಣೆಯ ವಿಮಾನ, ಸಾಧಾರಣ ರೆಕ್ಕೆಯಾಗಿದ್ದರೆ, ಗಂಟೆಗೆ 83 ಕಿಲೋಮೀಟರಿನಲ್ಲಿ ಸ್ಟಾಲ್ ಆಗುತ್ತದೆ. ಇನ್ನೂ ವೇಗ ಬೇಕೆಂದು ರೆಕ್ಕೆಯನ್ನು 9 ಚದರ ಮೀಟರಿಗೆ ಇಳಿಸಿದಿರಿ ಅನ್ನಿ. ಆಗ ಸ್ಟಾಲ್ ವೇಗ 96ಕ್ಕೆ ಏರುತ್ತದೆ.

ಹದಿಮೂರು ಕಿಲೋಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಅಪಘಾತದಲ್ಲಿ ಲೆಕ್ಕಕ್ಕೆ ಬರುವುದು ವೇಗದ ವರ್ಗ. ಎಂಜಿನ್ ಕೈಕೊಟ್ಟು ಯಾವುದೋ ರಾಗಿ ಹೊಲದಲ್ಲಿ ಇಳಿಯಬೇಕಾಗಿ ಬಂದರೆ, ಆ ಚಿಕ್ಕ ರೆಕ್ಕೆಯ ವಿಮಾನ ನೆಲಕ್ಕೆ ತರುವ ಶಕ್ತಿ ಮೂರನೇ ಒಂದು ಪಾಲು ಹೆಚ್ಚು. ಆ ಹೆಚ್ಚಿನ ಪಾಲನ್ನು ಹೀರಿಕೊಳ್ಳಬೇಕಾದದ್ದು ವಿಮಾನದ ಮೂತಿ, ಸೀಟಿನ ಬೆಲ್ಟು, ಕೊನೆಗೆ ಪೈಲಟ್‌ನ ಬೆನ್ನೆಲುಬು. ಎಕ್ಸ್-ಏರ್ 60 ಕಿಲೋಮೀಟರಿನ ಆಸುಪಾಸಿನಲ್ಲೂ ತೇಲಬಲ್ಲದು. ಎಆರ್-5ಕ್ಕೆ ಬೇಕಾದದ್ದು ನಯವಾದ ರನ್‌ವೇ. ಆದ್ದರಿಂದ ಈ ಎರಡರಲ್ಲಿ ಯಾವುದು ಒಳ್ಳೆಯ ವಿಮಾನ ಎಂದು ಯಾರಾದರೂ ಕೇಳಿದರೆ, ಎಲ್ಲಿ ಇಳಿಸುತ್ತೀರಿ ಎಂದು ಅವರನ್ನೇ ತಿರುಗಿ ಕೇಳಬೇಕಾಗುತ್ತದೆ.

ವಿಸ್ತೀರ್ಣ ಒಂದು ವಿಷಯ, ಉದ್ದ ಇನ್ನೊಂದು. ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಕೆಳಗಿನ ಗಾಳಿ ಸುಮ್ಮನಿರುತ್ತದೆಯೇ? ತುದಿಯನ್ನು ಬಳಸಿಕೊಂಡು ಮೇಲಕ್ಕೆ ನುಗ್ಗುತ್ತದೆ, ಸುಳಿಯಾಗಿ ಹಿಂದೆ ಹೋಗುತ್ತದೆ. ಆ ಸುಳಿಯನ್ನು ಸುತ್ತಿಸುವ ಶಕ್ತಿಯೂ ನಿಮ್ಮ ಎಂಜಿನ್ನಿನಿಂದಲೇ ಹೋಗಬೇಕು. ಈ ನಷ್ಟ ನಿಧಾನವಾಗಿ ಹಾರುವಾಗ, ಮೇಲೇರುವಾಗ, ಎತ್ತರದಲ್ಲಿ ಹೆಚ್ಚು. ವೇಗವಾಗಿ ಹಾರುವಾಗ ಕಡಿಮೆ. ಇದನ್ನು ತಗ್ಗಿಸುವ ದಾರಿ ಎಂದರೆ ತುದಿಯಿಂದ ತುದಿಗೆ ರೆಕ್ಕೆಯನ್ನು ಉದ್ದ ಮಾಡುವುದು.

ಅಮೆರಿಕದ ಆರಿಗನ್ ರಾಜ್ಯದ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಅವರ ಆರ್‌ವಿ ಸರಣಿಯ ವಿಮಾನಗಳು ಈ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿವೆ. 1971ರಲ್ಲಿ ಆರ್‌ವಿ-3ರಿಂದ ಶುರುವಾದ ಈ ವಂಶದಲ್ಲಿ ಜನ ಮನೆಯಲ್ಲಿ ಕಟ್ಟಿ ಹಾರಿಸಿದ ವಿಮಾನಗಳ ಸಂಖ್ಯೆ ಈಗ 11,000 ದಾಟಿದೆ. ಅದರಲ್ಲಿ ಆರ್‌ವಿ-7 ಮತ್ತು ಆರ್‌ವಿ-9 ಎಂಬ ಅಕ್ಕತಂಗಿಯರಿದ್ದಾರೆ. ಇಬ್ಬರ ಮೈಕಟ್ಟು ಬಹುಮಟ್ಟಿಗೆ ಒಂದೇ, ರೆಕ್ಕೆಯ ವಿಸ್ತೀರ್ಣವೂ ಹೆಚ್ಚುಕಡಿಮೆ ಒಂದೇ. ಆದರೆ 7ರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 25 ಅಡಿ, 9ರದು 28 ಅಡಿ. ಮೂರೇ ಅಡಿ. ಅದೇ ತೂಕ, ಅದೇ ವೇಗ ಎಂದಿಟ್ಟುಕೊಂಡರೆ ಆ ಮೂರು ಅಡಿ ಸುಳಿಯ ನಷ್ಟವನ್ನು ಐದನೇ ಒಂದು ಪಾಲು ಕಡಿಮೆ ಮಾಡುತ್ತದೆ. ಜಾನ್ ರಾಂಜ್ ಎಂಬ ರೆಕ್ಕೆ ತಜ್ಞ ರೂಪಿಸಿದ ರೆಕ್ಕೆಯ ಅಡ್ಡಕೊಯ್ತ ಮತ್ತು ಹಿಂದಂಚಿನಲ್ಲಿ ಕೆಳಕ್ಕೆ ಬಾಗುವ ದೊಡ್ಡ ಫ್ಲ್ಯಾಪ್‌ಗಳು ಸೇರಿ 9ರ ಸ್ಟಾಲ್ ವೇಗ 7ರದಕ್ಕಿಂತ ಸ್ಪಷ್ಟವಾಗಿ ಕೆಳಗಿದೆ. 160 ಅಶ್ವಶಕ್ತಿಯ ಒಂದೇ ಎಂಜಿನ್ ಎರಡಕ್ಕೂ ಹಾಕಿದರೆ ಗರಿಷ್ಠ ವೇಗದ ಅಂತರ ಹೇಳಿಕೊಳ್ಳುವಷ್ಟಿಲ್ಲ. ಹಾಗಾದರೆ 7 ಯಾಕೆ ಬೇಕು? ಪಲ್ಟಿ ಹೊಡೆಯಲು. ಚಿಕ್ಕ ಗಟ್ಟಿ ರೆಕ್ಕೆ ಚುರುಕಾಗಿ ಹೊರಳುತ್ತದೆ, ಕಸರತ್ತಿನ ಬಲವನ್ನು ತಡೆಯುತ್ತದೆ. 9 ಕಸರತ್ತಿಗಲ್ಲ, ಅದು ದೂರ ಪ್ರಯಾಣದ, ಸಣ್ಣ ರನ್‌ವೇಯ ವಿಮಾನ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಇನ್ನೂರು ಮೈಲಿ ಆಚೆ ತಿಂಡಿಗೆ ಹೋಗುವವನಿಗೆ 9 ಸಾಕು. ಆದರೂ ಗಂಡಸರಲ್ಲಿ ಬಹಳ ಮಂದಿಯ ಕಣ್ಣು 7ರ ಮೇಲೇ ಬೀಳುತ್ತದೆ, ಯಾಕೋ!

ಈ ಆರ್‌ವಿಗಳ ರೆಕ್ಕೆ ನೋಡಲು ಶುದ್ಧ ಆಯತ. ಬುಡದಲ್ಲಿ ಎಷ್ಟು ಅಗಲವೋ ತುದಿಯಲ್ಲೂ ಅಷ್ಟೇ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ದೀರ್ಘವೃತ್ತಾಕಾರದ ರೆಕ್ಕೆ ನೋಡಿ ಮರುಳಾದವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ಆಯತಾಕಾರಕ್ಕೆ ಎರಡು ದೊಡ್ಡ ಗುಣಗಳಿವೆ. ಒಂದು, ಒಳಗಿನ ಅಡ್ಡಪಟ್ಟಿಗಳೆಲ್ಲ ಒಂದೇ ಅಳತೆ. ಒಂದು ಅಚ್ಚು ಮಾಡಿಕೊಂಡರೆ ಕೆಲಸ ಸಾಗುತ್ತದೆ. ಇನ್ನೊಂದು ಇದಕ್ಕಿಂತ ಮುಖ್ಯ: ಆಯತದ ರೆಕ್ಕೆ ಸ್ಟಾಲ್ ಆಗುವಾಗ ಮೊದಲು ಬುಡದಲ್ಲಿ ಆಗುತ್ತದೆ, ತುದಿ ಕೊನೆಯವರೆಗೂ ಹಿಡಿದುಕೊಂಡಿರುತ್ತದೆ. ವಿಮಾನವನ್ನು ಎಡಬಲಕ್ಕೆ ವಾಲಿಸುವ ಅಲುಗುಗಳು ಇರುವುದು ತುದಿಯ ಕಡೆಗೇ, ಹಾಗಾಗಿ ಹಿಡಿತ ತಪ್ಪುವುದಿಲ್ಲ. ತುದಿಗೆ ಹೋಗುತ್ತ ತೀರ ಕಿರಿದಾಗುವ ಚೆಂದದ ರೆಕ್ಕೆಯಲ್ಲಿ ತುದಿಯೇ ಮೊದಲು ಸೋಲುತ್ತದೆ. ಒಂದು ಕಡೆಯ ತುದಿ ಮೊದಲು ಸೋತರೆ ವಿಮಾನ ಆ ಕಡೆಗೆ ಮಗುಚಿ ಸುತ್ತುತ್ತ ಬೀಳತೊಡಗುತ್ತದೆ. ಇಳಿಯಲು ತಿರುಗುವಾಗ, ನೂರೈವತ್ತು ಮೀಟರ್ ಎತ್ತರದಲ್ಲಿ ಹಾಗಾದರೆ ಸರಿಪಡಿಸಿಕೊಳ್ಳಲು ಸಮಯ ಎಲ್ಲಿದೆ? ಫ್ರಾನ್ಸಿನ ಜೋಲಿ ಮತ್ತು ದೆಲೆಮೊಂತೆ ಎಂಬ ಇಬ್ಬರು 1948ರಲ್ಲಿ ಹಾರಿಸಿದ ಜೋಡೆಲ್ ಡಿ-9 ಎಂಬ ಮರದ ವಿಮಾನ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿತು. ರೆಕ್ಕೆಯ ನಡುಭಾಗ ಮಟ್ಟಸವಾದ ಆಯತ. ಹೊರಭಾಗಗಳು ಮಾತ್ರ ಮೇಲಕ್ಕೆ ಬಾಗಿ, ಕಿರಿದಾಗುತ್ತ, ತುದಿಯಲ್ಲಿ ತುಸು ಕೆಳಮುಖವಾಗಿ ತಿರುಚಿಕೊಂಡಿರುತ್ತವೆ. ತಿರುಚು ಇರುವುದರಿಂದ ತುದಿ ಗಾಳಿಯನ್ನು ಕಡಿಮೆ ಓರೆಯಲ್ಲಿ ಎದುರಿಸುತ್ತದೆ, ಬುಡ ಸೋತ ಮೇಲೂ ದುಡಿಯುತ್ತದೆ.

ರೆಕ್ಕೆಯ ವಿಷಯದಲ್ಲಿ ಸ್ವಂತ ಬುದ್ಧಿ ಓಡಿಸಿದವರ ಕತೆಗಳಲ್ಲಿ ಅತ್ಯಂತ ದಾರುಣವಾದದ್ದು ಫ್ರಾನ್ಸಿನ ಆಂರಿ ಮಿನ್ಯೆಯದು. ಸಾಮಾನ್ಯರೂ ಕಟ್ಟಿಕೊಳ್ಳಬಲ್ಲ, ಹಾರಿಸಬಲ್ಲ ವಿಮಾನ ಬೇಕೆಂದು ಆತ 1933ರಲ್ಲಿ 'ಆಕಾಶದ ಹೇನು' ಎಂಬ ಹೆಸರಿನ ಪುಟಾಣಿ ವಿಮಾನ ಮಾಡಿದ. ಮುಂದೊಂದು ರೆಕ್ಕೆ, ಅದರ ಹಿಂದೆ ಹತ್ತಿರದಲ್ಲೇ ಇನ್ನೊಂದು ರೆಕ್ಕೆ. ವಾಲಿಸುವ ಅಲುಗುಗಳೇ ಇಲ್ಲ. 1934ರಲ್ಲಿ ಪುಸ್ತಕ ಬರೆದ. ಬ್ರಿಟನ್, ಫ್ರಾನ್ಸ್‌ಗಳಲ್ಲಿ ಜನ ಮುಗಿಬಿದ್ದು ಕಟ್ಟಿದರು. ಆಮೇಲೆ ಒಂದರ ಹಿಂದೊಂದು ಸಾವು. ಮೂತಿ ಕೆಳಗಾಗಿ ಧುಮುಕತೊಡಗಿದರೆ ಪೈಲಟ್ ಎಷ್ಟು ಎಳೆದರೂ ಅದು ಮೇಲೇಳುತ್ತಿರಲಿಲ್ಲ. 1936ರಲ್ಲಿ ಇಡೀ ವಿಮಾನವನ್ನೇ ಗಾಳಿಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಕಾರಣ ಗೊತ್ತಾಯಿತು: ಎರಡು ರೆಕ್ಕೆಗಳ ನಡುವಿನ ಸಂದಿಯಲ್ಲಿ ನುಗ್ಗುವ ಗಾಳಿ ಹಿಂದಿನ ರೆಕ್ಕೆಯ ಎತ್ತುವ ಬಲವನ್ನು ಹೆಚ್ಚಿಸುತ್ತಿತ್ತು, ಅದು ಬಾಲವನ್ನು ಮೇಲಕ್ಕೆ ನೂಕುತ್ತಿತ್ತು. ಎಂಜಿನ್ನಿನ ತಪ್ಪು ಇಲ್ಲಿ ಲವಲೇಶವೂ ಇಲ್ಲ.

ಇದೇ ಎರಡು ರೆಕ್ಕೆಯ ಯೋಚನೆಯನ್ನು ನಲವತ್ತು ವರ್ಷಗಳ ನಂತರ ಸರಿಯಾದ ಲೆಕ್ಕದೊಂದಿಗೆ ಮಾಡಿದವರು ಕ್ಯಾಲಿಫೋರ್ನಿಯಾದ ಬರ್ಟ್ ರುಟಾನ್. 1975ರ ವೇರಿ-ಈಝಿ, 1979ರ ಲಾಂಗ್-ಈಝಿ ವಿಮಾನಗಳಲ್ಲಿ ಮೂತಿಯ ಹತ್ತಿರ ಪುಟ್ಟ ರೆಕ್ಕೆ, ಹಿಂದೆ ದೊಡ್ಡ ರೆಕ್ಕೆ, ಬೆನ್ನಿಗೆ ಎಂಜಿನ್. ಮುಂದಿನ ಪುಟ್ಟ ರೆಕ್ಕೆ ಮೊದಲು ಸ್ಟಾಲ್ ಆಗುವಂತೆ ಮಾಡಿದ್ದರಿಂದ ಮೂತಿ ತಾನೇ ಕೆಳಗಿಳಿಯುತ್ತದೆ, ದೊಡ್ಡ ರೆಕ್ಕೆ ಸ್ಟಾಲ್ ತನಕ ಹೋಗುವುದೇ ಇಲ್ಲ. ಇದಕ್ಕೆ ತೆರುವ ಬೆಲೆ: ದೊಡ್ಡ ರೆಕ್ಕೆಯ ಪೂರ್ತಿ ಶಕ್ತಿಯನ್ನು ಎಂದೂ ಬಳಸುವ ಹಾಗಿಲ್ಲ, ಆದ್ದರಿಂದ ಇಳಿಯುವ ವೇಗ ಹೆಚ್ಚು, ರನ್‌ವೇ ಉದ್ದ ಬೇಕು. ಇನ್ನೊಂದು ವಿಚಿತ್ರವೂ ಇತ್ತು. ಮುಂದಿನ ರೆಕ್ಕೆಯ ಮೂಲ ಆಕಾರ ಎಷ್ಟು ನಾಜೂಕೆಂದರೆ ಮಳೆಹನಿ ಬಿದ್ದರೆ, ಹುಳುಗಳು ಅಪ್ಪಳಿಸಿ ಅಂಟಿಕೊಂಡರೆ ಅದರ ಮೇಲಿನ ಗಾಳಿಯ ನಯ ಕೆಡುತ್ತಿತ್ತು, ಮೂತಿ ಇಳಿಯುತ್ತಿತ್ತು. ಆಗಲೇ ಹೇಳಿದ ಜಾನ್ ರಾಂಜ್ ಬೇರೆ ಅಡ್ಡಕೊಯ್ತ ಕೊಟ್ಟು ಅದನ್ನು ಸರಿಪಡಿಸಿದರು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿರುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಲಾಂಗ್-ಈಝಿಗೂ ಬೆಂಗಳೂರಿಗೂ ನಂಟಿದೆ. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಂದರೆ ನಾವು ಎನ್‌ಎಎಲ್ ಎಂದು ಕರೆಯುವ ಸಂಸ್ಥೆ, ಈ ವಿಮಾನದ ವಿನ್ಯಾಸವನ್ನು ಆಧರಿಸಿ ಗಾಜಿನ ನಾರು ಮತ್ತು ರಾಳದಿಂದ ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಮುಂದೆ ಅದೇ ಸಂಸ್ಥೆಯ ಹಂಸ ತರಬೇತಿ ವಿಮಾನ 1993ರಲ್ಲಿ ಹಾರಿತು. ಹಂಸ ಮನೆಯಲ್ಲಿ ಕಟ್ಟಿದ ವಿಮಾನವಲ್ಲ, ನಿಜ. ಆದರೆ ಹವ್ಯಾಸಿಗಳಿಗಾಗಿ ರೂಪಿಸಿದ ವಿಮಾನವೊಂದು ಸರಕಾರಿ ಪ್ರಯೋಗಾಲಯಕ್ಕೂ ಉಪಯೋಗಕ್ಕೆ ಬಂತು ಎಂಬುದು ನೆನಪಿಡುವಂಥದ್ದು.

ಈಗ ಎಂಜಿನ್.

ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ಗರಿಷ್ಠ ವೇಗ ಎಷ್ಟು ಹೆಚ್ಚುತ್ತದೆ? ಬಹಳ ಜನರಿಗೆ ನಿರಾಸೆ ಮಾಡುವ ಉತ್ತರ ಇದು. ವೇಗವಾಗಿ ಹಾರುವಾಗ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಎಂಜಿನ್ನಿನ ಶಕ್ತಿಯನ್ನು ಎರಡು ಪಟ್ಟು ಮಾಡಿದರೂ ವೇಗ ಹೆಚ್ಚುವುದು ನೂರಕ್ಕೆ 26ರಷ್ಟು ಮಾತ್ರ. 80 ಅಶ್ವಶಕ್ತಿ ತೆಗೆದು 100 ಹಾಕಿದರೆ ನೂರಕ್ಕೆ ಎಂಟರಷ್ಟೂ ಆಗುವುದಿಲ್ಲ. ಮೈಕ್ ಅರ್ನಾಲ್ಡ್ ಇದನ್ನು ಚೆನ್ನಾಗಿ ಅರಿತಿದ್ದ. ಆತ ದುಡ್ಡನ್ನು ಎಂಜಿನ್ನಿಗೆ ಸುರಿಯಲಿಲ್ಲ. ರೆಕ್ಕೆ ಮೈಗೆ ಸೇರುವ ಸಂದಿಯನ್ನು ನಯವಾಗಿ ತುಂಬಿಸಿದ, ಚಕ್ರಗಳಿಗೆ ಬಿಗಿಯಾದ ಕವಚ ಹಾಕಿದ, ಎಂಜಿನ್ ತಂಪಾಗಲು ಬರುವ ಗಾಳಿಗೆ ಎಷ್ಟು ಬೇಕೋ ಅಷ್ಟೇ ಬಾಯಿ ಬಿಟ್ಟ, ಮೈಯನ್ನೆಲ್ಲ ಉಜ್ಜಿ ಉಜ್ಜಿ ನುಣುಪು ಮಾಡಿದ.

ಹಾಗಾದರೆ ದೊಡ್ಡ ಎಂಜಿನ್ ವ್ಯರ್ಥವೇ? ಅಲ್ಲವೇ ಅಲ್ಲ. ಅದು ಉಪಯೋಗಕ್ಕೆ ಬರುವುದು ಮೇಲೇರುವಾಗ. ನಮ್ಮ 600 ಕಿಲೋ ವಿಮಾನವನ್ನೇ ತೆಗೆದುಕೊಳ್ಳಿ. ಮಟ್ಟಸವಾಗಿ ಹಾರಲು ಬೇಕಾದ್ದು ಕಳೆದು ಉಳಿದ ಒಂದೊಂದು ಅಶ್ವಶಕ್ತಿಯೂ ಅದನ್ನು ನಿಮಿಷಕ್ಕೆ 25 ಅಡಿ ಮೇಲೆತ್ತುತ್ತದೆ. 80 ಅಶ್ವಶಕ್ತಿಯಲ್ಲಿ ಪ್ರೊಪೆಲ್ಲರಿನ ನಷ್ಟ ಹೋಗಿ ಕೈಗೆ ಬರುವುದು 56. ನಿಧಾನವಾಗಿ ಹಾರಲು 26 ಬೇಕು ಎನ್ನಿ. ಉಳಿದದ್ದು 30, ನಿಮಿಷಕ್ಕೆ 750 ಅಡಿ. 100 ಅಶ್ವಶಕ್ತಿಯ ಎಂಜಿನ್ನಾದರೆ ಕೈಗೆ ಬರುವುದು 70, ಉಳಿದದ್ದು 44, ಏರಿಕೆ 1,100 ಅಡಿ. ಶಕ್ತಿ ಕಾಲು ಪಾಲು ಹೆಚ್ಚಿತು, ಏರುವ ವೇಗ ಸುಮಾರು ಅರ್ಧಪಾಲು ಹೆಚ್ಚಿತು. ರನ್‌ವೇಯ ಕೊನೆಯಲ್ಲಿ ತೆಂಗಿನ ತೋಟವಿದ್ದರೆ ಈ ಅರ್ಧಪಾಲಿನ ಬೆಲೆ ಗೊತ್ತಾಗುತ್ತದೆ.

ಈಗ ಇದೇ 80 ಅಶ್ವಶಕ್ತಿಯ ವಿಮಾನವನ್ನು ಮಂಗಳೂರಿನ ಕಡಲತೀರದಿಂದ ಬೆಂಗಳೂರಿನ ಜಕ್ಕೂರಿಗೆ ತನ್ನಿ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ಎಷ್ಟು ತೆಳುವಾಗುತ್ತದೆಂದರೆ ಎಂಜಿನ್ನಿನ ಮಟ್ಟಿಗೆ ಅದು 6,000 ಅಡಿ ಎತ್ತರದಲ್ಲಿದ್ದ ಹಾಗೆ. 80 ಅಶ್ವಶಕ್ತಿ 65ಕ್ಕೆ ಇಳಿಯುತ್ತದೆ. ಹಾರಲು ಬೇಕಾದ ಶಕ್ತಿಯೋ ತುಸು ಏರುತ್ತದೆ, ಯಾಕೆಂದರೆ ತೆಳುಗಾಳಿಯಲ್ಲಿ ಅದೇ ತೂಕ ಹೊರಲು ರೆಕ್ಕೆ ಇನ್ನೂ ಬೇಗ ಚಲಿಸಬೇಕು. ಲೆಕ್ಕ ಹಾಕಿದರೆ 750 ಅಡಿಯ ಏರಿಕೆ 425ರ ಹತ್ತಿರಕ್ಕೆ ಬರುತ್ತದೆ. ಕೈಪಿಡಿಯಲ್ಲಿ ಅಚ್ಚಾಗಿರುವ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದ, 15 ಡಿಗ್ರಿ ಚಳಿಯ ಅಂಕಿಗಳು. ನಮ್ಮ ಪ್ರಸ್ಥಭೂಮಿಯಲ್ಲಿ ಅವನ್ನು ನಂಬಿ ಕೂರಬಾರದು. ಹಂಸ-3 ವಿಮಾನಕ್ಕೆ ಟರ್ಬೋ ಇರುವ 115 ಅಶ್ವಶಕ್ತಿಯ ರೋಟ್ಯಾಕ್ಸ್ 914 ಎಂಜಿನ್ ಹಾಕಿದ್ದರಲ್ಲ, ತೆಳುಗಾಳಿಯನ್ನು ಒತ್ತಿ ದಟ್ಟಮಾಡಿ ಒಳಕ್ಕೆ ಕೊಡುವುದೇ ಟರ್ಬೋದ ಕೆಲಸ.

ಎಂಜಿನ್ನಿಗೂ ರೆಕ್ಕೆಗೂ ನಡುವೆ ದಲ್ಲಾಳಿಯಂತೆ ನಿಂತಿರುವುದು ಪ್ರೊಪೆಲ್ಲರ್. ಎಷ್ಟೋ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 1.8 ಮೀಟರ್ ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 254 ಮೀಟರ್ ಓಡುತ್ತಿರುತ್ತದೆ. ಶಬ್ದದ ವೇಗ 340. ಅದನ್ನು ಸಮೀಪಿಸಿದರೆ ಪ್ರೊಪೆಲ್ಲರ್ ಕಿರುಚುತ್ತದೆ, ಶಕ್ತಿ ಪೋಲಾಗುತ್ತದೆ. ಲೈಕಮಿಂಗ್, ಕಾಂಟಿನೆಂಟಲ್ ಕಂಪನಿಗಳ ಸಾಂಪ್ರದಾಯಿಕ ವಿಮಾನ ಎಂಜಿನ್ನುಗಳು ದೊಡ್ಡ ಸಿಲಿಂಡರು ಇಟ್ಟುಕೊಂಡು 2,700ರ ಸುಮಾರಿಗೇ ನಿಲ್ಲುವುದು ಇದಕ್ಕಾಗಿಯೇ. 160 ಅಶ್ವಶಕ್ತಿಗೆ ಐದು ಲೀಟರಿಗಿಂತ ದೊಡ್ಡ ಎಂಜಿನ್ ಎಂದರೆ ಕಾರಿನವರು ನಗುತ್ತಾರೆ. ರೋಟ್ಯಾಕ್ಸ್ 912 ಇನ್ನೊಂದು ದಾರಿ ಹಿಡಿಯಿತು: 1.35 ಲೀಟರಿನಲ್ಲೇ 100 ಅಶ್ವಶಕ್ತಿ, 5,800 ಸುತ್ತು, ಮುಂದೆ ಗೇರ್ ಹಾಕಿ ಪ್ರೊಪೆಲ್ಲರನ್ನು 2,400ರ ಒಳಗೆ ಇಳಿಸುವುದು. ತೂಕ ಸುಮಾರು 60 ಕಿಲೋ. ಹಗುರ ವಿಮಾನಗಳ ಲೋಕವನ್ನೇ ಅದು ಬದಲಾಯಿಸಿತು.

ಕಾರಿನ ಎಂಜಿನ್ ಹಾಕಬಾರದೇ? ಹಾಕಿದವರಿದ್ದಾರೆ. ಮಿನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನ್ನನ್ನು ತನ್ನ ಮರದ ಏರ್ ಕ್ಯಾಂಪರ್ ವಿಮಾನಕ್ಕೆ ಜೋಡಿಸಿದ. ಕಾರಿನ ಎಂಜಿನ್ನಿನಿಂದ ವಿಮಾನ ಹಾರದು ಎಂದು ನಂಬಿದ್ದ ಪತ್ರಿಕೆಯೊಂದರ ಸಂಪಾದಕನಿಗೆ ತೋರಿಸಲೆಂದೇ 1930ರಲ್ಲಿ ಇಂಥ ವಿಮಾನಗಳನ್ನು ಮಿನಿಯಾಪೊಲಿಸ್ ತನಕ ಹಾರಿಸಿಕೊಂಡು ಹೋದ. ಸಂಪಾದಕ ಸೋತು, ನಕ್ಷೆಗಳನ್ನು ತಾನೇ ಅಚ್ಚುಹಾಕಿದ. ಆ ಎಂಜಿನ್ 40 ಅಶ್ವಶಕ್ತಿಯದು, ಅದೂ ಬರೀ 2,200 ಸುತ್ತಿನಲ್ಲಿ. ನಿಧಾನವಾಗಿ ತಿರುಗುವುದರಿಂದ ಉದ್ದನೆಯ ಮರದ ಪ್ರೊಪೆಲ್ಲರನ್ನು ನೇರವಾಗಿ ಸಿಕ್ಕಿಸಬಹುದಿತ್ತು, ಗೇರ್ ಬೇಡ. ಅಗಲ ರೆಕ್ಕೆ, ನಿಧಾನ ಎಂಜಿನ್, ಉದ್ದ ಪ್ರೊಪೆಲ್ಲರ್, ಗಂಟೆಗೆ ನೂರಹತ್ತು ಕಿಲೋಮೀಟರಿನ ನಡಿಗೆ: ಎಲ್ಲವೂ ಒಂದಕ್ಕೊಂದು ಹೊಂದಿದ್ದವು. ಅದಕ್ಕೇ ಅದನ್ನು ಇವತ್ತಿಗೂ ಕಟ್ಟುತ್ತಾರೆ.

ಇವತ್ತಿನ ಕಾರಿನ ಎಂಜಿನ್ ಹಾಗಲ್ಲ. ಅದರ ಶಕ್ತಿ ಬರುವುದೇ ಐದು ಸಾವಿರ ಸುತ್ತು ದಾಟಿದ ಮೇಲೆ. ಗೇರೋ ಬೆಲ್ಟೋ ಬೇಕು. ಎಂಜಿನ್ನಿನ ತಿರುಚು-ನಡುಕ ಆ ಗೇರನ್ನು ತಿನ್ನುತ್ತದೆ. ಎಷ್ಟೋ ಬಾರಿ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಮುರಿಯುವುದು ನಡುವಿನ ಈ ಜೋಡಣೆ. ಹೆದ್ದಾರಿಯಲ್ಲಿ ಕಾರು ನೂರರಲ್ಲಿ ಓಡಲು ಇಪ್ಪತ್ತು ಇಪ್ಪತ್ತೈದು ಅಶ್ವಶಕ್ತಿ ಸಾಕು. ವಿಮಾನದಲ್ಲಿ ಅದೇ ಎಂಜಿನ್ ತಾಸುಗಟ್ಟಲೆ ಮುಕ್ಕಾಲು ಶಕ್ತಿಯಲ್ಲಿ ದುಡಿಯಬೇಕು. ರೇಡಿಯೇಟರ್, ನೀರು, ಕೊಳವೆಗಳ ತೂಕ ಬೇರೆ. ಗೇರಿಲ್ಲದೆ ಹಾಕುವ ಫೋಕ್ಸ್‌ವಾಗನ್ ಬೀಟಲ್ ಎಂಜಿನ್ ಯುರೋಪಿನಲ್ಲಿ ಬಹಳ ಮನೆಕಟ್ಟಿನ ವಿಮಾನಗಳನ್ನು ಹಾರಿಸಿದೆ. ಆದರೆ ಅದು ತನ್ನ ಶಕ್ತಿ ಕೊಡುವುದು 3,000 ಸುತ್ತು ದಾಟಿ, ಆದ್ದರಿಂದ ಪ್ರೊಪೆಲ್ಲರ್ ಗಿಡ್ಡ. ಜೋಡೆಲ್‌ನಂಥ ನಯವಾದ, ಹಗುರವಾದ ವಿಮಾನಕ್ಕೆ ಅದು ಸರಿ. ದೊಡ್ಡ ರೆಕ್ಕೆ, ಊರುಗೋಲು, ತಂತಿಗಳಿಂದ ತುಂಬಿದ ನಿಧಾನ ವಿಮಾನಕ್ಕೆ ಅದನ್ನೇ ಹಾಕಿದರೆ ಸದ್ದು ಹೆಚ್ಚು, ನೂಕು ಕಡಿಮೆ. ಕಾಗದದ ಮೇಲೆ ಅಶ್ವಶಕ್ತಿ ಸಮಾನವಾಗಿದ್ದರೂ ಹೀಗೆ.

ತೂಕದ ಮಾತು ಇನ್ನೂ ಇದೆ. ರೋಟ್ಯಾಕ್ಸ್ ತೆಗೆದು ಅದರ ಎರಡು ಪಟ್ಟು ತೂಗುವ ಲೈಕಮಿಂಗ್ ಹಾಕಿದರೆ ಮೂತಿ ಭಾರವಾಗುತ್ತದೆ. ಬಾಲದಲ್ಲಿ ಸೀಸ ತುಂಬಿ ಸರಿಮಾಡಲು ಹೋದರೆ ಒಟ್ಟು ತೂಕ ಏರುತ್ತದೆ. ದೊಡ್ಡ ಎಂಜಿನ್ ಹೆಚ್ಚು ಕುಡಿಯುತ್ತದೆ, ದೊಡ್ಡ ಟ್ಯಾಂಕು ಬೇಕು. ಅದನ್ನೆಲ್ಲ ಹೊರಲು ರೆಕ್ಕೆಯ ದೂಲ ಗಟ್ಟಿಯಾಗಬೇಕು. ಕೊನೆಗೆ ಸ್ಟಾಲ್ ವೇಗ ಏರಿ ಕೂತಿರುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದು: ಪ್ರತಿ ರೆಕ್ಕೆಗೂ ಒಂದು ವೇಗಮಿತಿಯಿದೆ, ಅದನ್ನು ಮೀರಿದರೆ ರೆಕ್ಕೆಯೋ ಬಾಲವೋ ಪಟಪಟನೆ ಬಡಿದುಕೊಂಡು ಕ್ಷಣಗಳಲ್ಲಿ ಹರಿದುಹೋಗಬಹುದು. ಆರ್‌ವಿ-9ಕ್ಕೆ 160ರ ಮೇಲೆ ಹಾಕಬೇಡಿ ಎಂದು ಅದರ ವಿನ್ಯಾಸಕರು ಹೇಳುವುದು ಸುಮ್ಮನೆ ಅಲ್ಲ.

ರೆಕ್ಕೆ ಮತ್ತು ಎಂಜಿನ್ ಜೊತೆಜೊತೆಗೆ ಯೋಚಿಸಿ ಮಾಡಿದ ವಿಮಾನ ಏನು ಮಾಡಬಲ್ಲದು ಎಂಬುದಕ್ಕೆ ಬರ್ಟ್ ರುಟಾನ್ ಅವರದೇ ವಾಯೇಜರ್ ಇದೆ. ತುದಿಯಿಂದ ತುದಿಗೆ ಸುಮಾರು 34 ಮೀಟರ್ ರೆಕ್ಕೆ, ಮುಂದೊಂದು ಹಿಂದೊಂದು ಎಂಜಿನ್. ಹೊರಡುವಾಗ ಇದ್ದ ತೂಕದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪೆಟ್ರೋಲು. ಭಾರಕ್ಕೆ ಬಾಗಿದ ರೆಕ್ಕೆಯ ತುದಿಗಳು ರನ್‌ವೇಯನ್ನು ಉಜ್ಜಿಕೊಂಡು ಹೋದವು. ಮೇಲೇರಲು ಎರಡೂ ಎಂಜಿನ್ ಬೇಕು, ಆದರೆ ಪೆಟ್ರೋಲು ಕರಗಿ ವಿಮಾನ ಹಗುರಾದ ಮೇಲೆ ಅಷ್ಟು ಉದ್ದನೆಯ ರೆಕ್ಕೆಗೆ ಒಂದೇ ಸಾಕು, ಮುಂದಿನದನ್ನು ಆರಿಸಿಬಿಡುತ್ತಿದ್ದರು. 1986ರ ಡಿಸೆಂಬರಿನಲ್ಲಿ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಎಲ್ಲೂ ಇಳಿಯದೆ, ನಡುವೆ ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿ ಸುತ್ತಿ ಬಂದರು. ಅದಕ್ಕೂ ಮೊದಲು 1979ರಲ್ಲಿ ಬ್ರಯನ್ ಆಲೆನ್ ಎಂಬ ಸೈಕಲ್ ಸವಾರ ಸುಮಾರು 30 ಮೀಟರ್ ರೆಕ್ಕೆಯ ಗಾಸಮರ್ ಆಲ್ಬಟ್ರಾಸ್ ವಿಮಾನವನ್ನು ಪೆಡಲ್ ತುಳಿದೇ ಇಂಗ್ಲಿಷ್ ಕಾಲುವೆ ದಾಟಿಸಿದ. ಅಲ್ಲಿ ಎಂಜಿನ್ ಎಂದರೆ ಅವನ ತೊಡೆಗಳು.

ವಿಮಾನ ಕಟ್ಟುವ ಕನಸಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈಗ ಕೇಳುತ್ತಿದ್ದರೆ ಅವರಿಗೆ ನನ್ನ ಮಾತು ಇಷ್ಟು. ನೂರಾರು ಜನ ಕಟ್ಟಿ ಹಾರಿಸಿ ನೋಡಿದ ವಿನ್ಯಾಸವನ್ನೇ ಆರಿಸಿಕೊಳ್ಳಿ. ಮಾಹಿತಿ ಪತ್ರ ಕೈಗೆ ಬಂದಾಗ ಮೊದಲು ಸ್ಟಾಲ್ ವೇಗದ ಸಾಲು ಓದಿ, ಆಮೇಲೆ ಏರಿಕೆಯದು, ಅದನ್ನು ನಿಮ್ಮ ಊರಿನ ಎತ್ತರಕ್ಕೂ ಬಿಸಿಲಿಗೂ ಇಳಿಸಿ ಲೆಕ್ಕ ಹಾಕಿ. ಗರಿಷ್ಠ ವೇಗ ಕೊನೆಗೆ ನೋಡಿದರೆ ಸಾಕು. ರೆಕ್ಕೆಯನ್ನು ನಕ್ಷೆಯಲ್ಲಿರುವ ಹಾಗೆಯೇ ಕಟ್ಟಿ, ವಿನ್ಯಾಸಕರು ಹೇಳಿದ ಎಂಜಿನ್ನನ್ನೇ ಹಾಕಿ. ಪ್ರಮಾಣಪತ್ರ ಪಡೆದ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಇದ್ದರೆ ಅಮೆರಿಕದಲ್ಲಿ ಪರೀಕ್ಷಾ ಹಾರಾಟ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಎಂದು ವಾಡಿಕೆಯ ನಿಯಮವಿದೆ. ನಮ್ಮಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಇಲ್ಲದೆ ಚಕ್ರ ನೆಲ ಬಿಡುವಂತಿಲ್ಲ. ಆದ್ದರಿಂದ ಮೊದಲ ಮೊಳೆ ಹೊಡೆಯುವ ಮುನ್ನವೇ ಅಲ್ಲಿಗೊಂದು ಅರ್ಜಿ ಬರೆಯಿರಿ.